ರೊಟ್ಟಿ ಗಾಡಿಯ ಹೈಬ್ರೀಡ್ ಸುದ್ದಿ

ಮೊನ್ನೆ ಮೋಡ ಕವಿಯಿತೆಂದು ಜೋಳದ ಚೀಲಗಳಿಗೆ ಹೊದಿಸಲು ಅಟ್ಟದ ಮೇಲಿಂದ ಹಳೆಯ ತಾಡಪತ್ರಿ ಇಳಿಸಿದೆ. ಮಡಿಕೆ ಬಿಚ್ಚಿದ್ದೇ ತಡ, ಡೀಸೆಲ್ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಎಷ್ಟು ಸಲ ತಿಕ್ಕಿ ತೊಳೆದಿದ್ದೇನೋ, ಎಷ್ಟು ಸಲ ಮಾಳಿಗೆ ಮೇಲೆ ಒಣಹಾಕಿದ್ದೇನೋ, ರಾಯಚೂರಿನ ಬಿಸಿಲಿಗೂ ಆ ವಾಸನೆ ಜಗ್ಗಿಲ್ಲ. ತಾಡಪತ್ರಿ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತುಬಿಟ್ಟೆ.

"ಏನಾತು ಮಾದೇವಿ, ಹಾವು ಕಂಡೇನು?" ಅಂತ ಒಳಗಿಂದ ಅತ್ತೆ ಕೂಗಿದರು.

"ಹಾವಲ್ಲ ಅತ್ತಿ, ಪಂಚಮಿ ನೆನಪಾತು" ಅಂದೆ.

ಅವರಿಗೆ ತಿಳಿಯಿತು. ಎರಡು ವರ್ಷದ ಹಿಂದಿನ ಆ ಶ್ರಾವಣದ ಮಾತು ಬಂದರೆ ನಮ್ಮ ಅತ್ತೆ ಈಗಲೂ ಕಿವುಡಾಗುತ್ತಾರೆ.

ನಮ್ಮದು ರೊಟ್ಟಿ ಮಾಡಿ ಮಾರುವ ಮನೆ. ನನ್ನ ಗಂಡನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ರೊಟ್ಟಿಯ ವ್ಯವಹಾರವೆಲ್ಲ ನನ್ನದು, ಅದರ ಮೇಲಿನ ಮಾತೆಲ್ಲ ಅತ್ತೆ ಬಸಲಿಂಗಮ್ಮನವರದು. ಹಿತ್ತಲಿನ ಉದ್ದನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಾರೆ. ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ. ಬೆಳಗಾದರೆ ಬಿದಿರಿನ ಬುಟ್ಟಿಗಳಲ್ಲಿ ಬಿಳಿ ಬಟ್ಟೆ ಹಾಸಿ ರೊಟ್ಟಿ ಜೋಡಿಸಿ ಗಾಡಿಗೆ ಏರಿಸುತ್ತೇವೆ. ಗಾಡಿ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಸಿರವಾರ ದಾಟಿ ಮಾನ್ವಿಗೆ ಬಂದು, ನೀರಮಾನ್ವಿಯ ಮೇಲೆ ರಾಯಚೂರಿಗೆ ಮರಳುತ್ತದೆ. ಓಡಿಸುವವನು ಖಾಸೀಮ. ಆಗ ನಮ್ಮಲ್ಲಿದ್ದದ್ದು ಮುದಿ ಡೀಸೆಲ್ ಪಿಕಪ್. ಅದು ಚಾಲೂ ಆದರೆ ನಮ್ಮ ಓಣಿಗೆಲ್ಲ ಅಲಾರಾಂ ಬೇಕಿರಲಿಲ್ಲ.

ಖಡಕ್ ರೊಟ್ಟಿಯ ಕಷ್ಟ ಒಯ್ದವರಿಗೇ ಗೊತ್ತು. ಅದಕ್ಕೆ ತೂಕವಿಲ್ಲ. ತೂಕವಿಲ್ಲದೆ ಓಡಿದರೆ ಪಿಕಪ್ ಹಿಂದೆ ಕುಣಿಯುತ್ತದೆ, ಕುಣಿದರೆ ರೊಟ್ಟಿ ಮುರಿಯುತ್ತದೆ. ಮುರುಕು ರೊಟ್ಟಿಯನ್ನು ಯಾರು ಕೊಳ್ಳುತ್ತಾರೆ? ಅದಕ್ಕೇ ಖಾಸೀಮ ಒಂದು ಉಪಾಯ ಮಾಡಿದ್ದ. ಬುಟ್ಟಿಗಳ ಕೆಳಗೆ ಜೋಳ ತುಂಬಿದ ಚೀಲ ಹಾಕುತ್ತಿದ್ದ. ಗಾಡಿ ಭಾರಕ್ಕೆ ಕೂತು ಮೆತ್ತಗೆ ಹೋಗುತ್ತಿತ್ತು, ರೊಟ್ಟಿ ಉಳಿಯುತ್ತಿತ್ತು. ಆದರೆ ಆ ಚೀಲಗಳು ದಿನಾ ಬಿಟ್ಟಿಯಾಗಿ ದೇವದುರ್ಗ, ಮಾನ್ವಿ ನೋಡಿಕೊಂಡು ಬರುತ್ತಿದ್ದವು, ಅವುಗಳ ಪ್ರಯಾಣದ ಡೀಸೆಲ್ ಖರ್ಚು ನಮ್ಮ ತಲೆಗೆ ಬೀಳುತ್ತಿತ್ತು. ಸಾಲದ್ದಕ್ಕೆ ಹಾದಿಯಲ್ಲಿ ಬೇಕಾದೀತೆಂದು ಖಾಸೀಮ ತಾಡಪತ್ರಿಯ ಕೆಳಗೆ ಒಂದು ಡೀಸೆಲ್ ಕ್ಯಾನು ಇಟ್ಟುಕೊಳ್ಳುತ್ತಿದ್ದ. ಅದೊಂದು ದಿನ ಸೋರಿ, ಅವತ್ತಿನ ರೊಟ್ಟಿಯನ್ನು ಎಮ್ಮೆಯೂ ಮೂಸಿ ಬಿಟ್ಟಿತು. ಈ ತಾಡಪತ್ರಿಯ ವಾಸನೆ ಆ ದಿನದ್ದು.

ದೇವದುರ್ಗದಲ್ಲಿ ನಮ್ಮ ರೊಟ್ಟಿ ಇಳಿಯುವುದು ಹುಲಿಗೆಮ್ಮನ ಅಂಗಡಿಯಲ್ಲಿ. ಅಂಗಡಿ ಅಂದರೆ ಅವಳ ಮನೆಯ ಮುಂದಿನ ಕೋಣೆಯೇ, ಬೀದಿಗೆ ಒಂದು ಕಿಟಕಿ. ಮೊದಲು ಹತ್ತಿ ಬಿಡಿಸಲು ಹೋಗುತ್ತಿದ್ದವಳು ಅದನ್ನು ಬಿಟ್ಟು ಧೈರ್ಯ ಮಾಡಿ ಈ ಅಂಗಡಿ ಹಾಕಿದ್ದಳು. ಮಗಳು ರಾಯಚೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೂಲಿ ಮಾಡುವ ಕೇರಿಯ ಹೆಂಗಸಿನ ಕೈಯಿಂದ ರೊಟ್ಟಿ ಕೊಳ್ಳಲು ಶುರುವಿನಲ್ಲಿ ಊರ ಮಂದಿ ಹಿಂದೆಮುಂದೆ ನೋಡಿದರು. ಹುಲಿಗೆಮ್ಮ ಅದಕ್ಕೆಲ್ಲ ಮುಖ ಸಣ್ಣ ಮಾಡಲಿಲ್ಲ. "ರುಚಿ ಹತ್ತಿದ್ರ ತಾವ ಬರ್ತಾರ ಬಿಡ್ರಿ ಅಕ್ಕಾರ" ಅಂದಳು, ಬಂದರು. ಅವಳ ಅಂಗಡಿಯಲ್ಲಿ ನಮ್ಮ ರೊಟ್ಟಿ ಬಿಟ್ಟರೆ ಮಾರಲು ಬೇರೇನೂ ಇರಲಿಲ್ಲ.

ಆ ವರ್ಷ ಡೀಸೆಲ್ ಖರ್ಚು ನನ್ನ ನಿದ್ದೆ ಕೆಡಿಸಿತು. ರೊಟ್ಟಿಯ ದರ ಏರಿಸಿದರೆ ಗಿರಾಕಿ ಮೂಗು ಮುರಿಯುತ್ತಾರೆ, ಏರಿಸದಿದ್ದರೆ ಬಡಿಯುವವರ ಕೈಗೆ ಏನು ಕೊಡುವುದು? ಗಾಡಿ ಬೇರೆ ಎರಡು ಸಲ ಹಾದಿಯಲ್ಲಿ ಕೈಕೊಟ್ಟಿತು. ಖಾಸೀಮ ಹೇಳಿದ: "ಅಕ್ಕಾ, ಮಾನ್ವಿ ಒಂದಕ್ಕ ಹೋಗಿ ಬಂದ್ರ ಗಾಡಿಗೂ ಹಗುರ, ನಿಮಗೂ ಹಗುರ. ದೇವದುರ್ಗ ಬಿಟ್ಟುಬಿಡ್ರಿ." ಲೆಕ್ಕ ಸರಿಯಾಗೇ ಇತ್ತು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಪಂಚಮಿ ಮುಗಿಯಲಿ, ಹೊಸ ಗಾಡಿಯ ದಾರಿ ಕಾಣದಿದ್ದರೆ ದೇವದುರ್ಗ ನಿಲ್ಲಿಸೋಣ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹಾಗೆ ಮಾಡಿದರೆ ಹುಲಿಗೆಮ್ಮನ ಕಿಟಕಿ ಮುಚ್ಚುತ್ತದೆ ಎಂಬುದು ನನಗೆ ಗೊತ್ತಿತ್ತು, ಖಾಸೀಮನಿಗೂ ಗೊತ್ತಿತ್ತು.

ಹೊಸ ಗಾಡಿ ನೋಡಲು ಶೋರೂಮಿಗೆ ಹೋದೆ. ಅಲ್ಲಿದ್ದಾತ ಬಹಳ ತಾಳ್ಮೆಯವನು, ಅಂಥವನು ಸಿಕ್ಕಿದ್ದು ನನ್ನ ಪುಣ್ಯ. ಪೆಟ್ರೋಲ್ ಗಾಡಿ ಕೊಳ್ಳುವಾಗ ಅಗ್ಗ, ಓಡಿಸುವಾಗ ಕುಡಿಯುತ್ತದೆ. ಕರೆಂಟಿನ ಗಾಡಿ ಕೊಳ್ಳುವಾಗ ತುಟ್ಟಿ, ಓಡಿಸುವಾಗ ಅಗ್ಗ, ಆದರೆ ನಮ್ಮ ಇಡೀ ಸುತ್ತು ಒಂದೇ ಚಾರ್ಜಿನಲ್ಲಿ ಮುಗಿಯುವುದು ಕಷ್ಟ. "ಎರಡೂ ಕೂಡಿದ್ದು ಇಲ್ಲೇನ್ರಿ?" ಅಂತ ಕೇಳಿದೆ. "ಅದಕ್ಕ ಹೈಬ್ರಿಡ್ ಅಂತಾರ್ರಿ. ಕಾರಿನ್ಯಾಗ ಅದಾವ. ನಿಮ್ಮ ಅಳತಿ ಪಿಕಪ್‌ನ್ಯಾಗ ಇನ್ನಾ ಬಂದಿಲ್ಲ, ಬಂದ್ರ ಹೇಳ್ತೀನಿ" ಅಂದ. ಮನೆಗೆ ಬಂದವಳೇ ಗಂಡನಿಗೆ ಫೋನು ಹಚ್ಚಿದೆ. ಗಿರಣಿಯ ಗದ್ದಲದಲ್ಲಿ ಅವರಿಗೆ ಕೇಳಲೆಂದು ಗಟ್ಟಿಯಾಗಿ ಕೂಗಿದೆ: "ಹೈಬ್ರೀಡ್ ಆದ್ರ ಖರ್ಚು ಭಾಳ ಕಡಿಮಿ ಆಗ್ತದ್ರೀ! ನಾ ಹೈಬ್ರೀಡ್‌ಗೇ ಹೋಗೋಣ ಅಂತ ಮಾಡೀನಿ!"

ಪಡಸಾಲೆಯಲ್ಲಿ ಅತ್ತೆ ಜೋಳ ಹಸನು ಮಾಡುತ್ತಾ ಕೂತಿದ್ದರು.

ನಮ್ಮ ಕಡೆ ಹೈಬ್ರೀಡ್ ಅಂದರೆ ಒಂದೇ ಅರ್ಥ, ಹೈಬ್ರೀಡ್ ಜೋಳ. ಬೆಳೆ ಜಾಸ್ತಿ, ರುಚಿ ಇಲ್ಲ. ರೊಟ್ಟಿ ಮಾಡಿದರೆ ಬಣ್ಣ ಕಪ್ಪು, ಆರಿದರೆ ಚಪ್ಪಲಿಯ ತೊಗಲು. ಹುಡುಗರು ಓಡಲಾರದೆ ಏದುಸಿರು ಬಿಟ್ಟರೆ "ಹೈಬ್ರೀಡ್ ಜ್ವಾಳ ತಿಂದವ್ರು" ಅಂತ ಹೀಯಾಳಿಸುತ್ತಾರೆ. ಬಿಳಿ ಜೋಳವನ್ನು ಆರಿಸಿ ಆರಿಸಿ ತರುವ ನಮ್ಮ ಅತ್ತೆಯ ಕಿವಿಗೆ ಬಿದ್ದದ್ದು ಇಷ್ಟೇ: ಸೊಸೆ ಖರ್ಚು ಉಳಿಸಲು ರೊಟ್ಟಿಗೆ ಹೈಬ್ರೀಡ್ ಹಾಕುತ್ತಾಳೆ. ನನ್ನನ್ನು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಮರುದಿನ ಗುಡಿಯಲ್ಲಿ ಕಣ್ಣೀರು ಹಾಕಿದರಂತೆ. ಅಲ್ಲಿಂದ ಫೋನಿನಲ್ಲಿ ದೇವದುರ್ಗದ ತಂಗಿಯ ಮುಂದೆ ದುಃಖ ತೋಡಿಕೊಂಡರಂತೆ. ತಂಗಿಯ ಬಾಯಿಗೆ ಬೀಗವಿಲ್ಲ. ನಮ್ಮ ಗಾಡಿಗಿಂತ ಮೊದಲು ಸುದ್ದಿ ದೇವದುರ್ಗ ಮುಟ್ಟಿತು.

ಪಂಚಮಿಗೆ ಮುಂಚೆ ನಮ್ಮಲ್ಲಿ ರೊಟ್ಟಿ ಹಬ್ಬ. ಮನೆಮನೆಗೆ ಖಡಕ್ ರೊಟ್ಟಿ, ಪಲ್ಯ, ಹಿಂಡಿ ಬೀರುತ್ತಾರೆ, ಅವರ ಮನೆಯದು ಇವರಿಗೆ, ಇವರ ಮನೆಯದು ಅವರಿಗೆ. ಈಗೀಗ ಬಡಿಯಲು ಪುರಸೊತ್ತಿಲ್ಲದವರು ನಮ್ಮಲ್ಲೇ ಹೇಳಿಡುತ್ತಾರೆ. ವರ್ಷದ ದೊಡ್ಡ ವ್ಯಾಪಾರ ಅದು. ಅಂಥ ಹೊತ್ತಿನಲ್ಲಿ ಹುಲಿಗೆಮ್ಮನ ಫೋನು ಬಂತು.

"ಅಕ್ಕಾರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ರೊಟ್ಟಿಗೆ ಹೈಬ್ರೀಡ್ ಹಾಕಾಕತ್ತೀರೇನ್ರಿ?"

"ಯಾವಾಕಿ ಹೇಳಿದ್ಲು ನಿನಗ?" ಅಂತ ನಾನು ಕಿರುಚಿದೆ. ನನಗೆ ಸಿಟ್ಟು ಬೇಗ.

"ಊರ ಮಂದೆಲ್ಲ ಅನ್ನಾಕತ್ತಾರ್ರಿ. ಗಾಡ್ಯಾಗ ದಿನಾ ಜ್ವಾಳದ ಚೀಲ ಬರ್ತಾವ, ಅವ ಹೈಬ್ರೀಡ್ ಚೀಲ ಅಂತಾರ. ಹಬ್ಬಕ್ಕ ಹೇಳಿದ್ದ ರೊಟ್ಟಿ ಬ್ಯಾಡ ಅಂತ ಒಬ್ಬೊಬ್ರ ಬಂದು ಹೇಳಿ ಹೋಗಾಕತ್ತಾರ."

ಖಾಸೀಮನ ಉಪಾಯದ ಚೀಲಗಳು ಸಾಕ್ಷಿ ಹೇಳಿಬಿಟ್ಟಿದ್ದವು! ಹುಲಿಗೆಮ್ಮನ ಕೈಯಿಂದ ಕೊಳ್ಳಲು ಒಳಗೊಳಗೇ ಮನಸ್ಸಿಲ್ಲದವರಿಗೆ ಒಂದು ನೆವ ಸಿಕ್ಕಂತಾಯಿತು. ನಾನು ಫೋನಿಟ್ಟು ವಿಚಾರಿಸುತ್ತಾ ಹೋದರೆ ಎಳೆ ಬಂದು ನಿಂತದ್ದು ನಮ್ಮ ಪಡಸಾಲೆಯಲ್ಲಿ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಗಾಡಿಗೂ ಹೈಬ್ರೀಡ್ ಅಂತಾರೇನಬೇ? ನನಗೇನು ಗೊತ್ತು!" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನೀವು ಹಚ್ಚಿದ ಬೆಂಕಿ, ನೀವ ಬಂದು ಆರಸ್ರಿ. ನಾಳಿ ದೇವದುರ್ಗಕ್ಕ ನನ್ನ ಸಂಗಾಟ ಬರ್ಬೇಕು" ಅಂದೆ.

ಹೈಬ್ರಿಡ್ ಬರುವುದು ತಡ ಎಂದು ಶೋರೂಮಿನಾತ ಮರುದಿನ ಕರೆಂಟಿನ ಗಾಡಿಯನ್ನು ಓಡಿಸಿ ನೋಡಲು ಕೊಡುತ್ತೇನೆ ಅಂದಿದ್ದ. ಬೆಳಗ್ಗೆ ಜಿಟಿಜಿಟಿ ಮಳೆ. ಇಬ್ಬರು ಕೂರುವ ಜಾಗದಲ್ಲಿ ಮೂವರು ಒತ್ತಿಕೊಂಡು ಕೂತೆವು. ಚೀಲ ಹಾಕುವುದೇ ಬೇಡ ಎಂದು ನಾನು ಹಟ ಹಿಡಿದೆ, ಮುರಿದರೆ ಮುರಿಯಲಿ, ಆ ಚೀಲದ ಮುಖ ಮಾತ್ರ ದೇವದುರ್ಗಕ್ಕೆ ತೋರಿಸುವುದಿಲ್ಲ. ಖಾಸೀಮ ಬಿಸ್ಮಿಲ್ಲಾ ಅಂದು ಗುಂಡಿ ಒತ್ತಿದ. ಸದ್ದೇ ಇಲ್ಲ.

"ಚಾಲೂ ಆತೇನೋ?" ಅಂತ ಅತ್ತೆ ಕೇಳಿದರು.

"ಆಗ್ಯದಮ್ಮಾ. ಹೊಂಟದ. ನೋಡ್ರಿ, ಮನಿ ಹಿಂದ ಹೋತು."

"ಹೌದಲ್ಲೋ! ನಿಮ್ಮವ್ವನ, ಕಳ್ಳರ ಗಾಡಿ ಇದ್ದಂಗದ!"

ಗಬ್ಬೂರಿನವರೆಗೆ ಖಾಸೀಮ ಗೊಣಗುತ್ತಲೇ ಇದ್ದ. ಇಂಜಿನ್ನಿನ ಸದ್ದಿಲ್ಲದೆ ಅವನಿಗೆ ಗಾಡಿಯ ಜೀವ ಎಲ್ಲಿದೆ ಅಂತ ತಿಳಿಯುತ್ತಿರಲಿಲ್ಲ. ಬೆಂಕಿ ಹತ್ತಿದರೆ, ನೀರಲ್ಲಿ ನಿಂತರೆ, ಕರೆಂಟು ಹೊಡೆದರೆ ಎಂದು ನೂರೆಂಟು ಅನುಮಾನ. ಗಬ್ಬೂರು ದಾಟಿ ಚಹಾಕ್ಕೆ ನಿಲ್ಲಿಸಿದಾಗ ಬಟ್ಟೆ ಸರಿಸಿ ಬುಟ್ಟಿ ನೋಡಿದ. ಇನ್ನೊಂದು ಬುಟ್ಟಿ ನೋಡಿದ. ಆಮೇಲೆ ನನ್ನನ್ನು ಕರೆದ.

"ಅಕ್ಕಾ, ಒಂದೂ ಮುರದಿಲ್ಲ."

ಬ್ಯಾಟರಿಯ ಭಾರವೆಲ್ಲ ಗಾಡಿಯ ಹೊಟ್ಟೆಯ ಕೆಳಗೇ ಇದ್ದದ್ದರಿಂದ ಹಿಂದೆ ಕುಣಿತವೇ ಇರಲಿಲ್ಲ. ನಮ್ಮ ಜೋಳದ ಚೀಲಗಳ ಕೆಲಸವನ್ನು ಬ್ಯಾಟರಿ ಮಾಡುತ್ತಿತ್ತು. ಖಾಸೀಮ ಆ ಗಾಡಿಗೆ ಬೈಯುವುದನ್ನು ಅಲ್ಲಿಗೆ ನಿಲ್ಲಿಸಿದ. ನನಗೂ ಹೊಟ್ಟೆ ತಣ್ಣಗಾಯಿತು. ಆದರೆ ದೇವದುರ್ಗ ಮುಟ್ಟುವ ಹೊತ್ತಿಗೆ ಚಾರ್ಜು ಅರ್ಧಕ್ಕಿಂತ ಕೆಳಗಿಳಿದಿತ್ತು. ಮಾನ್ವಿಗೆ ಹೋಗಿ ರಾಯಚೂರು ಸೇರಲು ಅದು ಸಾಲದು ಎಂಬುದು ಯಾರಿಗಾದರೂ ತಿಳಿಯುವಂತಿತ್ತು.

ಹುಲಿಗೆಮ್ಮನ ಕಿಟಕಿಯ ಮುಂದೆ ಮಂದಿ ಸೇರಿದ್ದರು. ಸದ್ದಿಲ್ಲದೆ ಬಂದು ನಿಂತ ಗಾಡಿ ನೋಡಿ ಇನ್ನಷ್ಟು ಮಂದಿ ಕೂಡಿದರು. ಅತ್ತೆ ಇಳಿದವರೇ ಕೈಯೆತ್ತಿ ಶುರು ಮಾಡಿದರು: "ನೋಡ್ರೆಪಾ, ತಪ್ಪು ನಂದು! ಹೈಬ್ರೀಡ್ ಅಂದದ್ದು ಗಾಡಿಗೆ, ಜ್ವಾಳಕ್ಕಲ್ಲ!"

"ಇದೇನ್ರಿ ಹಂಗಾರ ಹೈಬ್ರೀಡ್ ಗಾಡಿ?" ಅಂತ ಒಬ್ಬ ಕೇಳಿದ.

"ಅಲ್ಲಲ್ಲ, ಇದು ಕರೆಂಟಿನದು. ಹೈಬ್ರೀಡ್ ಇನ್ನಾ ಬಂದಿಲ್ಲ" ಅಂದೆ ನಾನು.

"ಇಲ್ಲದ ಗಾಡಿ ಸಲುವಾಗಿ ಇಷ್ಟು ರಾಮಾಯಣೇನ್ರೀ?" ಅಂದ. ಎಲ್ಲರೂ ನಕ್ಕರು. ನಕ್ಕರೇ ಹೊರತು ನಂಬಿದಂತೆ ಕಾಣಲಿಲ್ಲ. ಬಾಯಿಮಾತು ಯಾರಿಗೆ ಬೇಕು?

ಆಗ ಹುಲಿಗೆಮ್ಮ ಹೊರಗೆ ಬಂದಳು. ಗಾಡಿಯಿಂದ ತಾನೇ ಒಂದು ಬುಟ್ಟಿ ಇಳಿಸಿ, ಬಟ್ಟೆ ಬಿಚ್ಚಿ, ಒಂದು ರೊಟ್ಟಿ ತೆಗೆದು ಎಲ್ಲರಿಗೂ ಕೇಳುವಂತೆ ಟಳ್ಳನೆ ಮುರಿದಳು. ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ನಮ್ಮವ್ವಗ ಕೂಲಿ ಅಂತ ಅಳದು ಕೊಡ್ತಿದ್ದದ್ದು ಹೈಬ್ರೀಡ್ ಜ್ವಾಳ. ಬಿಳಿ ಜ್ವಾಳ ಹೊಲದ ಧಣಿಗಳ ಕಾಳಿನ ಹಗೇವಿಗೆ, ಹೈಬ್ರೀಡ್ ನಮ್ಮ ಉಡಿಗೆ. ಅದನ್ನ ತಿಂದು ಬೆಳದಾಕಿ ನಾನು. ನನ್ನ ನಾಲಿಗಿಗೆ ಗೊತ್ತಾಗಂಗಿಲ್ಲೇನು? ಇದು ಹೈಬ್ರೀಡ್ ಆಗಿದ್ರ ನಾನ ಮೊದಲು ವಾಪಸ್ ಒಗೀತಿದ್ದೆ. ತಗೋರಿ, ತಿಂದು ನೋಡ್ರಿ."

ಒಬ್ಬ ಮುದುಕ ಕೈ ಚಾಚಿದ, ತಿಂದ, "ಬಿಳಿ ಜ್ವಾಳನ ಅದ" ಅಂದ. ಆಮೇಲೆ ಒಂದೊಂದಾಗಿ ಕೈಗಳು ಬಂದವು. ಹಬ್ಬಕ್ಕೆ ಬೇಡ ಅಂದುಹೋದವರಲ್ಲಿ ಕೆಲವರು ಅಲ್ಲೇ ಮತ್ತೆ ಹೇಳಿದರು. ಎಲ್ಲರೂ ಅಂತಲ್ಲ. ಆದರೂ ಆ ವರ್ಷದ ಹಬ್ಬ ನಮ್ಮ ಕೈಬಿಡಲಿಲ್ಲ. ಅವಳ ಆ ಮಾತಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಇನ್ನು ಚಾರ್ಜಿನ ಚಿಂತೆ. ಹುಲಿಗೆಮ್ಮನ ಮನೆಯಲ್ಲಿ ಮನೆಬಳಕೆಯ ಹಿಟ್ಟು ಬೀಸುವ ಸಣ್ಣ ಗಿರಣಿಗೆಂದು ಹಾಕಿಸಿದ ದೊಡ್ಡ ಪ್ಲಗ್ಗೊಂದಿತ್ತು. ರೊಟ್ಟಿ ಮಾರುವ ಅದೇ ಕಿಟಕಿಯಿಂದ ವಯರು ಹೊರಬಂದು ಗಾಡಿಗೆ ಸೇರಿತು. ಮಳೆ ಜೋರಾಯಿತು. ನಾವು ಒಳಗೆ ಕೂತೆವು. ನಡುವೆ ಕರೆಂಟು ಹೋಯಿತು. "ನಮ್ಮ ಜಿಲ್ಲಾದಾಗ ಕರೆಂಟು ಮಾಡಿ ಊರೂರಿಗೆ ಕಳಸ್ತಾರ, ನಮಗ ಮಾತ್ರ ಇಲ್ಲ" ಅಂತ ಖಾಸೀಮ ಬೈದ. ಅವನ ಬೈಗುಳಕ್ಕೆ ಹೆದರಿತೋ ಏನೋ, ಕರೆಂಟು ಮರಳಿತು. ಬಾಗಿಲಲ್ಲಿ ಕೂತು ಗಾಡಿ ತುಂಬುವುದನ್ನು ಕಾಯುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ.

ಹುಲಿಗೆಮ್ಮ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿ ತಂದಳು. ಖಾಸೀಮ, ನಾನು ಕೈ ತೊಳೆದೆವು. ಅತ್ತೆ ಮಾತ್ರ "ನನಗ ಹಸಿವಿಲ್ಲಬೇ" ಅಂತ ಗೋಡೆಯ ಕಡೆ ನೋಡಿದರು. ಹಸಿವಿಲ್ಲದ್ದಕ್ಕಲ್ಲ ಎಂಬುದು ನನಗೆ ಗೊತ್ತು, ಹುಲಿಗೆಮ್ಮನಿಗಂತೂ ಹುಟ್ಟಿದಾಗಿನಿಂದ ಗೊತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹುಲಿಗೆಮ್ಮ ತಟ್ಟೆಯನ್ನು ವಾಪಸ್ ಒಯ್ಯಲಿಲ್ಲ. ಅತ್ತೆಯ ಮುಂದಿಟ್ಟು ಹೊರಗೆ ಕೈ ತೋರಿಸಿದಳು.

"ನಿಮ್ಮ ಗಾಡಿನ ನಮ್ಮನ್ಯಾಗ ಉಣ್ಣಾಕತ್ತದ. ನಿಮಗೇನಾತ್ರೀ ಯವ್ವಾ?"

ಅತ್ತೆ ಕಿಟಕಿಯಿಂದ ಹೊರಟ ವಯರನ್ನು ನೋಡಿದರು, ತಟ್ಟೆಯನ್ನು ನೋಡಿದರು. ಒಮ್ಮೆಲೇ ಫಕ್ಕನೆ ನಕ್ಕುಬಿಟ್ಟರು. "ಭಾರಿ ಬಾಯಿ ಅದಬೇ ನಿಂದು" ಅಂದು ತಟ್ಟೆ ಎಳೆದುಕೊಂಡರು. ಎರಡನೇ ಸಲ ಪಲ್ಯ ಹಾಕಿಸಿಕೊಂಡಿದ್ದನ್ನೂ ನಾನು ನೋಡಿದೆ. ಊಟವಾದ ಮೇಲೆ ಅಲ್ಲೇ ಅಡ್ಡಾಗಿ ಗೊರಕೆ ಹೊಡೆದರು.

ಅವರು ಮಲಗಿದ ಮೇಲೆ ಹುಲಿಗೆಮ್ಮ ನನ್ನ ಪಕ್ಕ ಬಂದು ಕೂತಳು.

"ಅಕ್ಕಾರ, ಯಾವ ಗಾಡಿ ತಗೋತೀರಿ?"

"ಅದ ತಿಳಿವಲ್ದು. ಇದು ಚಲೋ ಅದ, ಆದ್ರ ಹಿಂಗ ನಡುವ ನಿಂತು ಕಾಯಬೇಕಲ್ಲ. ಪೆಟ್ರೋಲ್ ಆದ್ರ ಎಲ್ಲೂ ನಿಲ್ಲಂಗಿಲ್ಲ."

"ಎಲ್ಲೂ ನಿಲ್ಲದ ಗಾಡಿ ಇಲ್ಲೂ ನಿಲ್ಲಂಗಿಲ್ರಿ" ಅಂದಳು. "ದೇವದುರ್ಗ ಬಿಡಬೇಕು ಅಂತ ಮಾಡೀರಿ, ನನಗ ಗೊತ್ತದ. ಖಾಸೀಮಣ್ಣನ ಮುಖ ನೋಡೇ ತಿಳೀತು. ನಾ ಏನೂ ಕೇಳಿಲ್ಲ. ಈಗ ಕೇಳ್ತೀನಿ. ಇದನ್ನ ತಗೋರಿ. ಇದು ದಿನಾ ಇಲ್ಲಿ ನಿಂತು ಉಣ್ಣಬೇಕು. ಅಂದ್ರ ನೀವು ದೇವದುರ್ಗ ಬಿಡಾಕ ಬರಂಗಿಲ್ಲ."

ವಾರಗಟ್ಟಲೆ ನಾನು ಆ ಗಾಡಿಯ ದೋಷ ಅಂತ ಎಣಿಸಿದ್ದನ್ನು ಇವಳು ತನ್ನ ಅಂಗಡಿಯ ಆಸರೆ ಮಾಡಿಕೊಂಡು ಕೂತಿದ್ದಳು.

"ಕಾಯೋ ಹೊತ್ತು ಸುಮ್ಮ ಯಾಕ ಕಳಿಯೋದು?" ಅಂತ ಅವಳೇ ಮುಂದುವರಿಸಿದಳು. "ನಮ್ಮ ಕೇರ್ಯಾಗ ರೊಟ್ಟಿ ಬಡಿಯೋ ಕೈ ಬೇಕಾದಷ್ಟದಾವ. ಗಾಡಿ ಉಣ್ಣೋದ್ರಾಗ ನಾವು ಮೆತ್ತನ ರೊಟ್ಟಿ ಮಾಡಿ ಕೊಡ್ತೀವಿ. ಬಿಸೀವು ಮಾನ್ವಿಗೆ ಹೋಗ್ಲಿ."

ಆ ಸಂಜೆ ಮಾನ್ವಿಯಲ್ಲಿ ಬುಟ್ಟಿ ಇಳಿಸಿ ಮರಳುವಾಗ ನೀರಮಾನ್ವಿಯಲ್ಲಿ ಅತ್ತೆ ಕೂತಲ್ಲೇ ಎಲ್ಲಮ್ಮನಿಗೆ ಕೈಮುಗಿದರು. ಏನು ಬೇಡಿಕೊಂಡಿರಿ ಅಂತ ಕೇಳಿದೆ. "ಬೇಡ್ಕೊಳ್ಳೋದೇನು, ಪುಂಡಿ ಪಲ್ಯ ಭಾಳ ಚಲೋ ಇತ್ತು ಅಂತ ಹೇಳಿದೆ" ಅಂದರು. ಮನೆಗೆ ಬಂದ ಮೇಲೆ ನಾನು ಮತ್ತೆ ಲೆಕ್ಕ ಹಾಕಲು ಕೂರಲಿಲ್ಲ. ಪಂಚಮಿಯ ಮರುದಿನ ಶೋರೂಮಿಗೆ ಹೋಗಿ ಕರೆಂಟಿನ ಗಾಡಿಯನ್ನೇ ಹೇಳಿ ಬಂದೆ.

ಈಗ ಹುಲಿಗೆಮ್ಮನ ಗೋಡೆಗೆ ಗಾಡಿಗಾಗಿಯೇ ಬೇರೆ ಮೀಟರು ಕೂತಿದೆ, ಅದರ ಬಿಲ್ಲು ನಮ್ಮದು. ಗಾಡಿ ನಿಂತಿರುವ ಹೊತ್ತಿನಲ್ಲಿ ಅವಳ ಕೇರಿಯ ಹೆಂಗಸರು ರೊಟ್ಟಿ ಬಡಿಯುತ್ತಾರೆ, ಮಾನ್ವಿಯಲ್ಲಿ ಆ ಬಿಸಿ ರೊಟ್ಟಿಗೆ ಕಾದು ನಿಲ್ಲುವವರಿದ್ದಾರೆ. ಖಾಸೀಮ ಅಲ್ಲೇ ಉಂಡು ಒಂದು ನಿದ್ದೆ ತೆಗೆಯುತ್ತಾನೆ, ಎರಡು ವರ್ಷದಲ್ಲಿ ಹೊಟ್ಟೆ ಮುಂದೆ ಬಂದಿದೆ. ಹುಲಿಗೆಮ್ಮನ ಮಗಳು ನರ್ಸಾಗಿ ಕೆಲಸಕ್ಕೆ ಸೇರಿದ್ದಾಳೆ, ನಮ್ಮ ಅತ್ತೆಗೆ ಬಿಪಿ ನೋಡುವವಳೂ ಅವಳೇ. ಇಷ್ಟನ್ನೆಲ್ಲ ಕೊಟ್ಟದ್ದು ಒಂದು ತಪ್ಪು ಕೇಳಿದ ಮಾತು ಮತ್ತು ದೂರ ಓಡಲಾರದ ಒಂದು ಗಾಡಿ. ಎರಡಕ್ಕೂ ಮನಸಾರೆ ಶರಣು.

ತಾಡಪತ್ರಿ ಹೊದಿಸಿ ಒಳಗೆ ಬರುವಷ್ಟರಲ್ಲಿ ಹುಲಿಗೆಮ್ಮನದೇ ಫೋನು. ವ್ಯಾಪಾರ ಬೆಳೆದು ಈ ಶ್ರಾವಣಕ್ಕೆ ಎರಡನೇ ಗಾಡಿ ತರುತ್ತಿದ್ದೇವೆ. ಹೊಸ ಮಾದರಿ, ಬ್ಯಾಟರಿ ದೊಡ್ಡದು, ಇಡೀ ಸುತ್ತು ಹೊಡೆದು ಬಂದರೂ ಚಾರ್ಜು ಉಳಿಯುತ್ತದೆ ಅಂತ ಶೋರೂಮಿನಾತ ಹೆಮ್ಮೆಯಿಂದ ಹೇಳಿದ್ದ. ಖಾಸೀಮನ ಹೊಟ್ಟೆಯಲ್ಲಿ ಮಾತು ನಿಂತಿರಲಿಕ್ಕಿಲ್ಲ.

ಮಳೆ, ಹಬ್ಬ, ಮಗಳ ಮದುವೆ ಅಂತ ಏನೇನೋ ಮಾತಾಡಿ ಕೊನೆಗೆ ಅವಳು ಮೆಲ್ಲಗೆ ಕೇಳಿದಳು.

"ಅಕ್ಕಾರ, ಹೊಸಾ ಗಾಡಿ ಒಂದ ಚಾರ್ಜಿಗೆ ಎಲ್ಲೀತನ ಹೋಗ್ತದಂತ್ರಿ?"

"ದೇವದುರ್ಗದ ತನ" ಅಂದೆ. "ಅಷ್ಟ. ಮುಂದ ಹೋಗಂಗಿಲ್ಲಂತ."